ಜಟ್ಟೆಪ್ಪನ ಜೀಪಿನ ಹ್ಯಾಂಡಲ್

ನಗುವವರು ಈಗಲೇ ನಕ್ಕು ಮುಗಿಸಿ. ನಡುವೆ ನಕ್ಕರೆ ನಾನು ಎದ್ದು ಹೋಗುತ್ತೇನೆ.

ಇದು ನಮ್ಮ ಚಿಕ್ಕಪ್ಪನ ಮಗ ಮಾಂತುಗೆ ಆದದ್ದು. ಹೋದ ವರ್ಷದ ಹಿಂದಿನ ಎಳ್ಳ ಅಮಾವಾಸ್ಯೆ. ಕೊನೆಯ ಬಸ್ಸಿಳಿದು ಕೋಥರೂಡಿನ ನಮ್ಮ ಹೌಸಿಂಗ್ ಸೊಸೈಟಿ ಕಡೆ ನಡೆದು ಬರುತ್ತಿದ್ದ. ಬಸ್ ಸ್ಟಾಪಿಗೂ ನಮ್ಮ ಗೇಟಿಗೂ ನಡುವೆ ಆ ಆಲದ ಮರ ಇದೆಯಲ್ಲ, ಅಲ್ಲಿಗೆ ಬಂದಾಗ ಬೆನ್ನ ಹಿಂದೆ ಸದ್ದು... ಟಪ್. ಟಪ್. ಟಪ್. ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚಿ, ತಿಕ್ಕಿ, ಮೇಲೆ ಮೂರು ಸಲ ತಟ್ಟುತ್ತಾರಲ್ಲ, ಆ ಸದ್ದು. ಮಾಂತು ತಿರುಗಿ ನೋಡಲಿಲ್ಲ. ಒಂದೇ ಉಸಿರಿಗೆ ಮೂರು ಮಹಡಿ ಹತ್ತಿ ನಮ್ಮ ಬಾಗಿಲು ಬಡಿದ. ತೆಗೆದು ನೋಡಿದರೆ ಮುಖದಲ್ಲಿ ರಕ್ತವಿಲ್ಲ. ಕೈಯಲ್ಲಿ ಒಂದು ಕಬ್ಬಿಣದ ಹ್ಯಾಂಡಲ್.

"ಶೈಲಕ್ಕಾ," ಅಂದ ಪಿಸುದನಿಯಲ್ಲಿ. "ಜಟ್ಟೆಪ್ಪ ಕಾಕಾ ಮಾತಾಡಿದ್ರು."

ಜಟ್ಟೆಪ್ಪ ಸತ್ತು ಆಗಲೇ ಐದು ತಿಂಗಳು.

ಯಾರು ಈ ಜಟ್ಟೆಪ್ಪ ಅಂತ ಹೇಳಬೇಕು. ಯಾದಗಿರಿ ಕಡೆಯವನು. ಕಟ್ಟಡದ ಕೆಲಸಕ್ಕೆ ಅಂತ ಈ ಪುಣೆಗೆ ಬಂದು ಮೆಕ್ಯಾನಿಕ್ ಆದವನು. ಹೆಂಡತಿ ಮಾನಮ್ಮ ಊರಲ್ಲೇ. ಭೋರ್ ರಸ್ತೆಯಲ್ಲಿ, ಒಂದು ಪಾಳು ಬಾವಿಯ ಪಕ್ಕ, ತಗಡಿನ ಶೆಡ್ಡು ಹಾಕಿಕೊಂಡಿದ್ದ. ಮಾಂತು ಅವನ ಹತ್ತಿರ ಕೆಲಸ ಕಲಿಯಲು ಹೋದವನು ಹದಿನೈದು ವರ್ಷ ಅಲ್ಲೇ ಉಳಿದುಬಿಟ್ಟ. ಮದುವೆಯೂ ಆಗಲಿಲ್ಲ. "ಜೀಪಿಗೇ ತಾಳಿ ಕಟ್ಟೀಯೇನೋ?" ಅಂತ ನಾನು ರೇಗಿಸುತ್ತಿದ್ದೆ.

ಜೀಪು ಇಬ್ಬರೂ ಸೇರಿ ಗುಜರಿಯಿಂದ ಎತ್ತಿ ತಂದದ್ದು. ಮುದಿ ಗಾಡಿ, ಆದರೆ ನಾಲ್ಕೂ ಚಕ್ರ ಎಳೆಯುವಂಥದ್ದು. ಕೆಸರು, ಕಲ್ಲು, ಹಳ್ಳ ಏನಿದ್ದರೂ ಹತ್ತುತ್ತಿತ್ತು. ಮಳೆಗಾಲವಿಡೀ ಘಟ್ಟದಲ್ಲಿ ಓಡಿಸುವುದು, ದೀಪಾವಳಿ ಪಾಡ್ಯಕ್ಕೆ ನಿಲ್ಲಿಸುವುದು. ಚಳಿಗಾಲಪೂರ್ತಿ ರಿಪೇರಿ. ಗಾಲಿ ಕೂರಬಾರದೆಂದು ಮರದ ದಿಮ್ಮಿಗಳ ಮೇಲೆ ಏರಿಸುತ್ತಿದ್ದರು, ಬ್ಯಾಟರಿ ಬಿಚ್ಚುತ್ತಿದ್ದರು, ಇಲಿ ಹೊಗದ ಹಾಗೆ ಹೊಗೆ ಕೊಳವೆಗೆ ಬಟ್ಟೆ ತುರುಕುತ್ತಿದ್ದರು. ಆಮೇಲೆ ತಾಡಪತ್ರಿ ಹೊದಿಕೆ.

ಅಷ್ಟಕ್ಕೇ ಮುಗಿಯುವುದಿಲ್ಲ. ನಿಂತ ಎಂಜಿನ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದಂತೆ. ಅದಕ್ಕೆ ಅಮಾವಾಸ್ಯೆಗೊಮ್ಮೆ ಮುಂದಿನ ತೂತಿಗೆ ಹ್ಯಾಂಡಲ್ ಸಿಕ್ಕಿಸಿ ಕೈಯಿಂದ ತಿರುಗಿಸಲೇಬೇಕು ಅನ್ನುವುದು ಜಟ್ಟೆಪ್ಪನ ಕಟ್ಟಳೆ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ಪೂಜೆ ಮಾಡುತ್ತೇವಲ್ಲ, ಕಾಯಿ ಒಡೆದು, ನಿಂಬೆಹಣ್ಣು ಕಟ್ಟಿ, ಆಮೇಲೆ ಹ್ಯಾಂಡಲ್. ಅಕ್ಕಪಕ್ಕದ ಮರಾಠಿ ಮಂದಿಗೆ ಅಮಾವಾಸ್ಯೆ ಅಂದರೆ ಆಗದು. ಅವತ್ತು ಸಂಜೆಯ ಮೇಲೆ ಆ ಕಡೆ ಒಂದು ನಾಯಿಯೂ ಸುಳಿಯುತ್ತಿರಲಿಲ್ಲ.

ಅದು ಇಬ್ಬರ ಕೆಲಸ. ಜಟ್ಟೆಪ್ಪ ಒಳಗೆ ಕೂತು ಕ್ಲಚ್ ಒತ್ತಿ, ಗೇರ್ ಬಿಡಿಸಿ ಹಿಡಿಯುವುದು. ಮಾಂತು ಮುಂದೆ ನಿಂತು ಹ್ಯಾಂಡಲ್ ಹೊಡೆಯುವುದು. ಕೇಳದೆ ಹೊಡೆಯಬಾರದು.

"ಗೇರ್ ಬಿಟ್ರೇನ್ರಿ ಕಾಕಾ?"

"ಬಿಟ್ಟೀನಿ. ಹೊಡಿ."

ತಿರುಗಿಸಿ ಮುಗಿದ ಮೇಲೆ ಜಟ್ಟೆಪ್ಪ ತಂಬಾಕು ತಿಕ್ಕಿ, ಬೆರಳಲ್ಲಿ ಉಳಿದ ಸುಣ್ಣದಿಂದ ಸ್ಟೇರಿಂಗಿನ ಪಕ್ಕ ಒಂದು ಬೊಟ್ಟಿಡುತ್ತಿದ್ದ. ಆ ತಿಂಗಳ ಲೆಕ್ಕ ಮುಗಿಯಿತು ಅಂತ.

ಶ್ರಾವಣದಲ್ಲಿ ಜಟ್ಟೆಪ್ಪ ನಿದ್ದೆಯಲ್ಲೇ ಹೋದ. ದಿನಕರ್ಮ ಮುಗಿದ ಮೇಲೆ ಮಾನಮ್ಮ ಮಾಂತುಗೆ ಹೇಳಿದಳು, "ಯುಗಾದಿಗಿ ಬರ್ತೀನಿ ತಮ್ಮಾ. ಗಾಡಿ ಜೀವ ಹಿಡಿದಿದ್ರ ನಿನ್ನ ಹಂತ್ಯಾಕೇ ಇರ್ಲಿ. ಕೆಟ್ಟು ನಿಂತಿದ್ರ ಶಿರೂರಿನ ಗುಜರಿಯವಗ ಕೊಟ್ಟುಬಿಡೂಣು. ನನಗದನ್ನ ನೋಡಕ್ಕಾಗಲ್ಲ."

ಮಾಂತುಗೆ ಆ ಜೀಪು ಬಿಟ್ಟರೆ ಇನ್ನೇನಿತ್ತು, ಹೇಳಿ? ದಸರೆಗೆ ಹಳೆಯ ಬೊಟ್ಟುಗಳನ್ನೆಲ್ಲ ಒರೆಸಿ, ತೊಳೆದು, ಪಾಡ್ಯಕ್ಕೆ ಒಬ್ಬನೇ ದಿಮ್ಮಿಗೇರಿಸಿದ. ಛಟ್ಟಿ ಅಮಾವಾಸ್ಯೆ ಬಂತು. ಹ್ಯಾಂಡಲ್ ಹಿಡಿದು ನಿಂತ. ಒಳಗೆ ಯಾರೂ ಇಲ್ಲ. ಕೇಳದೆ ಹೊಡೆಯಲು ಕೈ ಬರಲಿಲ್ಲವಂತೆ. ತಾನೇ ಕೇಳಿದ, "ಗೇರ್ ಬಿಟ್ರೇನ್ರಿ ಕಾಕಾ?" ಓಡಿ ಒಳಗೆ ಕೂತು, ಜಟ್ಟೆಪ್ಪನ ದನಿಯಲ್ಲೇ ತಾನೇ ಅಂದ, "ಬಿಟ್ಟೀನಿ. ಹೊಡಿ."

ಆಮೇಲೆ ಮತ್ತೆ ಮುಂದೆ ಬಂದು ಹೊಡೆದ. ನೋಡುವವರಿದ್ದರೆ ಹುಚ್ಚು ಅನ್ನುತ್ತಿದ್ದರು. ಇದನ್ನು ಹೇಳಿದಾಗ ನಾನು ಚೆನ್ನಾಗಿ ಬೈದೆ. ಅಮಾವಾಸ್ಯೆ ದಿನ ಸತ್ತವರನ್ನು ಹೆಸರು ಹಿಡಿದು ಕೂಗುತ್ತಾರೇನು? ಕೂಗಿದ್ದೂ ಅಲ್ಲದೆ ಅವರ ಪರವಾಗಿ ಓಗೊಡುತ್ತಾರೇನು?

ಎಳ್ಳ ಅಮಾವಾಸ್ಯೆಗೆ ನಮ್ಮವರೆಲ್ಲ ಹೊಲದಲ್ಲಿ ಉಣ್ಣಲು ಊರಿಗೆ ಹೋಗಿದ್ದರು. ಮಾಂತು ಹೋಗಲಿಲ್ಲ, ನಾನೂ ಹೋಗಲಿಲ್ಲ. ನಾನು ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ ತೆಗೆದುಕೊಂಡು ಶೆಡ್ಡಿಗೆ ಹೋದ. ಒಂದು ರೊಟ್ಟಿ ತಾನು ತಿಂದ, ಒಂದನ್ನು ಬಾನೆಟ್ಟಿನ ಮೇಲಿಟ್ಟ. ಹೊರಗೆ ಬಾವಿಯ ರಾಟೆ ಗಾಳಿಗೆ ಕೀಂಯ್... ಕೀಂಯ್ ಅನ್ನುತ್ತಿತ್ತು. ಹ್ಯಾಂಡಲ್ ಸಿಕ್ಕಿಸಿ ಕೇಳಿದ.

"ಗೇರ್ ಬಿಟ್ರೇನ್ರಿ ಕಾಕಾ?"

ಒಳಗೆ ಹೋಗಿ ಉತ್ತರ ಕೊಡಲು ಇನ್ನೂ ಹೆಜ್ಜೆ ಎತ್ತಿರಲಿಲ್ಲ...

ರಾಟೆ ನಿಂತಿತು.

ಜೀಪಿನೊಳಗೆ ಸೀಟಿನ ಸ್ಪ್ರಿಂಗು ಕುಂಯ್ ಅಂತು. ಕ್ಲಚ್ಚಿನ ಪೆಡಲ್ಲು ಕೆಳಗೆ ಹೋಯಿತು... ಕಿರ್ರ್... ಟಕ್.

"ಬಿಟ್ಟೀನಿ. ಹೊಡಿ."

ಕೈ ರೂಢಿಯ ಮೇಲೆ ಹೊಡೆದೇಬಿಟ್ಟಿತಂತೆ. ಗುಡು... ಗುಡು... ಫುಸ್. ಎರಡು ಸುತ್ತು. ಆಮೇಲೆ ತಲೆಗೆ ಹೊಳೆಯಿತು. ತಾಡಪತ್ರಿ ಹೇಗೆ ಹೊದಿಸಿದನೋ, ಶೆಡ್ಡಿಗೆ ಬೀಗ ಹೇಗೆ ಹಾಕಿದನೋ, ಬಸ್ಸು ಹೇಗೆ ಹತ್ತಿದನೋ ಅವನಿಗೇ ಗೊತ್ತಿಲ್ಲ. ಹ್ಯಾಂಡಲ್ ಕೈಯಲ್ಲೇ ಉಳಿದಿತ್ತು.

ನಾನು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಮಾಂತು ಹ್ಯಾಂಡಲನ್ನು ನಮ್ಮ ಮುಂಬಾಗಿಲ ಹಿಂದಿನ ಮೂಲೆಗೆ ಆನಿಸಿಟ್ಟ. ಮತ್ತೆ ಮುಟ್ಟಲಿಲ್ಲ. ಶೆಡ್ಡಿಗೂ ಹೋಗಲಿಲ್ಲ. ಇಲ್ಲೇ ಒಂದು ಗ್ಯಾರೇಜಿನಲ್ಲಿ ಸ್ಕೂಟರ್ ತೊಳೆಯುತ್ತಾ ನಮ್ಮ ಮನೆಯಲ್ಲೇ ಇದ್ದುಬಿಟ್ಟ. ಅವರಾತ್ರಿ ಅಮಾವಾಸ್ಯೆ ಹೋಯಿತು. ಶಿವರಾತ್ರಿ ಅಮಾವಾಸ್ಯೆ ಹೋಯಿತು. ಯುಗಾದಿ ಅಮಾವಾಸ್ಯೆಯೂ ಹೋಯಿತು. ಆ ರಾತ್ರಿಗಳಲ್ಲಿ ಮಾಂತು ಉಣ್ಣುತ್ತಿರಲಿಲ್ಲ. "ಕಚ್ಕೊಂಡಿರ್ತದಕ್ಕಾ. ನನ್ನ ಕೈಯಾರೆ ಕೊಂದೆ," ಅನ್ನುತ್ತಿದ್ದ. ಹೋಗು ಅಂದರೆ ಹೋಗುತ್ತಿರಲಿಲ್ಲ. ಹೆದರಿದವನಿಗೆ ಏನು ಹೇಳುವುದು?

ಯುಗಾದಿ ಪಾಡ್ಯದ ದಿನ ಮಾನಮ್ಮ ಬಂದಳು. ಮಾಂತು ಒಬ್ಬನೇ ಹೋಗಲಾರ ಅಂತ ನಾನೂ ಹೊರಟೆ. ಹ್ಯಾಂಡಲನ್ನು ಹಳೆಯ ಪೇಪರಿನಲ್ಲಿ ಸುತ್ತಿ ನನ್ನ ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಶೆಡ್ಡಿನ ಬೀಗಕ್ಕೆ ತುಕ್ಕು. ಬಾಗಿಲಿಗೆ ಅಡ್ಡಡ್ಡ ಜೇಡರ ಬಲೆ. ತಾಡಪತ್ರಿಯ ಮೇಲೆ ಬೆರಳು ದಪ್ಪ ಧೂಳು, ಒಂದು ಕೈಗುರುತಿಲ್ಲ. ಇದನ್ನೆಲ್ಲ ನನ್ನ ಕಣ್ಣಾರೆ ಕಂಡಿದ್ದೇನೆ.

"ಕಾಕೂ, ಎಂಜಿನ್ ಕೆಟ್ಟದ," ಅಂದ ಮಾಂತು, ತಲೆ ತಗ್ಗಿಸಿ. "ತಪ್ಪು ನಂದು."

"ಮೊದಲು ನೋಡು," ಅಂದಳು ಮಾನಮ್ಮ. ತಾಡಪತ್ರಿ ಸರಿಸಿ, ಸೀರೆ ಎತ್ತಿ ಕಟ್ಟಿ ಗಂಡನ ಸೀಟಿನಲ್ಲಿ ಹತ್ತಿ ಕೂತಳು. "ಯಾವುದು ಒತ್ತಬೇಕು?"

ಮಾಂತು ತೋರಿಸಿಕೊಟ್ಟ. ಮುಂದೆ ಬಂದು ಕಣ್ಣು ಮುಚ್ಚಿ ಹ್ಯಾಂಡಲ್ ಹೊಡೆದ. ಮಜ್ಜಿಗೆಯಲ್ಲಿ ಕಡಗೋಲು ಆಡಿದ ಹಾಗೆ ತಿರುಗಿತು. ಗುಡು... ಗುಡು... ಫುಸ್.

ಮೂರು ತಿಂಗಳು ಯಾರೂ ಮುಟ್ಟದ ಎಂಜಿನ್ನು.

ಒಳಗಿಂದ ಮಾನಮ್ಮನ ದನಿ ಬಂತು. "ಮಾಂತೂ... ಇಲ್ಲಿ ಸುಣ್ಣ ಯಾರು ಹಚ್ಯಾರ?"

ಸ್ಟೇರಿಂಗಿನ ಪಕ್ಕ ಐದು ಬೊಟ್ಟು. ಛಟ್ಟಿ, ಎಳ್ಳ, ಅವರಾತ್ರಿ, ಶಿವರಾತ್ರಿ, ಯುಗಾದಿ. ಐದಕ್ಕೆ ಐದು. ಒಂದೂ ಮಾಂತು ಇಟ್ಟದ್ದಲ್ಲ. ಮಾಂತು ನೆಲದ ಮೇಲೆ ಕುಸಿದು ಕೂತು ಚಿಕ್ಕ ಹುಡುಗನ ಹಾಗೆ ಅತ್ತ.

"ಅದು ಇಬ್ಬರ ಕೆಲಸ ಅಕ್ಕಾ," ಅಂದ. "ನಾ ಬರಲಿಲ್ಲ. ಮುಂದ ನಿಂತು ಅವರೇ ಕೇಳಿರಬೇಕು... ಒಳಗ ಹತ್ತಿ ಅವರೇ ಹೂಂ ಅಂದಿರಬೇಕು."

ಬದುಕಿದ್ದವನು ಹೆದರಿ ಮನೆಯಲ್ಲಿ ಕೂತ, ಸತ್ತವನು ಒಬ್ಬನೇ ಕೆಲಸಕ್ಕೆ ಬಂದ. ನೆನೆಸಿಕೊಂಡರೆ ನನಗೆ ಇವತ್ತಿಗೂ ಹೆದರಿಕೆಗಿಂತ ಸಂಕಟವೇ ಹೆಚ್ಚು. ಜೀಪು ಮಾಂತು ಹತ್ತಿರವೇ ಉಳಿಯಿತು. ಈಗ ಅಮಾವಾಸ್ಯೆ ತಪ್ಪಿಸುವುದಿಲ್ಲ; ಒಬ್ಬನೇ ಹೋಗುತ್ತಾನೆ, ಒಮ್ಮೆ ಕೇಳುತ್ತಾನೆ, ಕಾಯುತ್ತಾನೆ. ಉತ್ತರ ಬರುತ್ತದೋ ಇಲ್ಲವೋ ನಾನು ಕೇಳಿಲ್ಲ.

ಆದರೆ ಹ್ಯಾಂಡಲ್ ಇಲ್ಲದೆ ಎಂಜಿನ್ ತಿರುಗುವುದಿಲ್ಲ. ಹ್ಯಾಂಡಲ್ ಮೂರೂ ತಿಂಗಳು ನಮ್ಮ ಮನೆಯಲ್ಲಿತ್ತು. ರಾತ್ರಿ ಚಿಲಕ ಹಾಕುವವಳು ನಾನು, ಬೆಳಿಗ್ಗೆ ತೆಗೆಯುವವಳೂ ನಾನೇ.

ಆ ಯುಗಾದಿ ಪಾಡ್ಯದ ಸಂಜೆ ಮನೆಗೆ ಬಂದು ಬಾಗಿಲ ಹಿಂದಿನ ಮೂಲೆ ಗುಡಿಸುತ್ತಿದ್ದೆ. ಹ್ಯಾಂಡಲ್ ಆನಿಸಿಟ್ಟಿದ್ದ ಜಾಗ. ನಮ್ಮ ಮನೆಯಲ್ಲಿ ಎಲೆ, ತಂಬಾಕು ಹಾಕುವವರು ಯಾರೂ ಇಲ್ಲ, ನಿಮಗೇ ಗೊತ್ತು. ಹೋದ ದಸರೆಗೆ ಬಣ್ಣ ಹೊಡೆಸಿದಾಗಲೂ ಆ ಅಂಗೈಯಗಲ ಜಾಗ ಬಿಡಿಸಿದ್ದೇನೆ. ಸುಳ್ಳಾದರೆ ಎದ್ದು ಬಾಗಿಲು ಎಳೆದು ನೋಡಿ. ಗೋಡೆಗೆ ಬೆರಳಲ್ಲಿ ಸುಣ್ಣ ಒರೆಸಿದ ಗೀಟುಗಳಿವೆ... ಮೂರು.