ತನ್ನ ಎಂಜಿನ್ನಿನ ವಿರುದ್ಧವೇ ಸಾಕ್ಷಿ ಹೇಳಿದ ಓಸ್ವಾಲ್ದೋ

ಓಸ್ವಾಲ್ದೋ ಅವರ ಪತ್ನಿ ನೀವೆಸ್ ಅಮ್ಮಾ, ಮಗಳು ಲೊರೆದಾನಾ, ಕಾರ್ಖಾನೆಯ ಗೆಳೆಯರೇ, ಅವರಿಗೆ ಅಂತಿಮ ವಿದಾಯ ಹೇಳಲು ದೂರದೂರದಿಂದ ಬೈಕುಗಳಲ್ಲಿ ಬಂದವರೇ — ಎಲ್ಲರಿಗೂ ವಂದನೆಗಳು.

ನಾನು ತುಲ್ಲಿಯಾ. ನಮ್ಮ ಬೈಕ್ ಕಾರ್ಖಾನೆಯ ಎಂಜಿನ್ ವಿಭಾಗದಲ್ಲಿ ಓಸ್ವಾಲ್ದೋ ಪಾಂಜೇರಿಯವರೊಂದಿಗೆ ಹನ್ನೊಂದು ವರ್ಷ ದುಡಿದವಳು. ಅದರಲ್ಲಿ ಮೊದಲ ವರ್ಷ — ಹೇಳಿಬಿಡುತ್ತೇನೆ — ದುಡಿದದ್ದು ಅವರ ಎಂಜಿನ್ನಿನ ತಯಾರಿಕೆಯನ್ನು ನಿಲ್ಲಿಸುವುದಕ್ಕೆ.

ಹೊಸ ಹೊಗೆ ನಿಯಮ ಬಂದಿತ್ತು. ಎಲ್ಲರೂ ನೀರಿನಿಂದ ತಣಿಯುವ ಎಂಜಿನ್ನಿಗೆ ಹೊರಳುತ್ತಿದ್ದರು. ಗಾಳಿಯೊಂದನ್ನೇ ನಂಬಿದ ನಮ್ಮದು ವಿಪರೀತ ಕಾಯುತ್ತದೆ, ಹೊಗೆ ಹತೋಟಿಗೆ ಬರುವುದಿಲ್ಲ, ನಿಲ್ಲಿಸಿ — ಹೀಗೆಂದು ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬರೆದೆ. ಅವರು ಮೂವತ್ತು ವರ್ಷ ಸಾಕಿದ ಎಂಜಿನ್ ಅದು. ವರದಿಯನ್ನು ಅವರ ಮುಂದಿಟ್ಟು ಬೈಗುಳಕ್ಕೆ ಸಿದ್ಧಳಾಗಿ ನಿಂತೆ.

ಮೆಕ್ಕೆಜೋಳದ ಪೊಲೆಂಟಾ ತಿನ್ನುತ್ತಲೇ ಓದಿದರು. ಕನ್ನಡಕವನ್ನು ಹಣೆಗೇರಿಸಿ — ಹೀಗೆ — "ಇಂಜಿನಿಯರಮ್ಮಾ, ಇದು ತಪ್ಪು" ಎಂದರು.

"ಯಾವುದು?"

"ಶಾಖದ ಅಂಕಿ. ಮಾಪಕಾನ ಗಾಳಿ ಬಡಿಯೋ ಕಡೆ ಕೂರ್ಸಿದೀಯ. ಕಾಯೋದು ಹಿಂದಿನ ಸಿಲಿಂಡರು, ಹೊಗೆ ಹೊರಗ್ಹೋಗೋ ಕವಾಟದ ಹತ್ರ. ಅಲ್ಲಿಟ್ಟು ನೋಡು, ಇನ್ನೂ ಇಪ್ಪತ್ತು ಡಿಗ್ರಿ ಜಾಸ್ತಿ ಬರುತ್ತೆ."

ಕೇಳಿಸಿತೇ ಗೆಳೆಯರೇ? ಜಾಸ್ತಿ! ಬಾಯಿ ಮುಚ್ಚಿಕೊಂಡಿದ್ದರೆ ಅವರ ಎಂಜಿನ್ನಿಗೇ ಲಾಭವಿತ್ತು.

ಮರುದಿನ ಬೈಕಿನಲ್ಲಿ ವಾಲ್ಸಾಸಿನಾ ಘಾಟಿ ಹತ್ತಿದೆವು. ಅವರು ಮುಂದೆ, ಮಾಪಕ ಹಿಡಿದು ನಾನು ಹಿಂದೆ. ಇಪ್ಪತ್ತೆರಡು ಡಿಗ್ರಿ ಜಾಸ್ತಿ ಬಂತು.

"ನಿಮ್ಮ ಎಂಜಿನ್ ಕತ್ತು ನೀವೇ ಹಿಸುಕ್ತಿದೀರಲ್ಲ?" ಎಂದೆ.

"ಸಾಯೋದಾದ್ರೆ ಸಾಯ್ಲಿ ಕಣಮ್ಮ. ಸುಳ್ಳು ಲೆಕ್ಕದಲ್ಲಿ ಬದುಕೋದು ಬೇಡ."

ಆದರೆ ನೋವಿನ ಜಾಗ ಸಿಕ್ಕಿತಲ್ಲ! ಆ ಕವಾಟದ ಸುತ್ತ ಎಣ್ಣೆ ಹರಿಯಲು ಸಣ್ಣ ದಾರಿ ಕೊರೆದೆವು. ಸಾಲಲಿಲ್ಲ. ಕೊನೆಗೆ ಶಾಖ ಇಳಿಸಲು ಒಂಬತ್ತು ಅಶ್ವಶಕ್ತಿಯನ್ನು ಅವರೇ ಕಡಿತ ಮಾಡಿದರು — ವರ್ಷಗಟ್ಟಲೆ ಒಂದೊಂದಾಗಿ ತಾವೇ ಕೂಡಿಸಿದ್ದ ಶಕ್ತಿ. ಹನ್ನೊಂದು ವಾರಗಳ ಮೇಲೆ ಎಂಜಿನ್ ಹೊಗೆ ಪರೀಕ್ಷೆ ದಾಟಿತು. ನನ್ನ ವರದಿಯನ್ನು ನಾನೇ ಹರಿದೆ.

ಈಗ ಇನ್ನೂ ಬಿಗಿಯಾದ ನಿಯಮ ಬರುತ್ತಿದೆ. ಕಳೆದ ತಿಂಗಳು ಆಸ್ಪತ್ರೆಯಲ್ಲಿ, "ಇದನ್ನೂ ದಾಟುತ್ತಾ?" ಎಂದು ಕೇಳಿದೆ.

"ಗೊತ್ತಿಲ್ಲಮ್ಮ. ಇಷ್ಟು ಶಕ್ತಿ ಸಾಕು ಅನ್ನೋ ಜನ ಇರೋತನಕ ಅದಕ್ಕೊಂದು ಜಾಗ ಇರುತ್ತೆ. ದಾಟಲ್ಲ ಅಂತ ಗೊತ್ತಾದ್ರೆ ನೀನೇ ನಿಲ್ಸು. ಅದರ ಗುರುತೇ ಇಲ್ಲದವರ ಕೈಗೆ ಕೊಡ್ಬೇಡ."

ಪಕ್ಕದಲ್ಲೇ ಕೂತಿದ್ದ ನೀವೆಸ್ ಅಮ್ಮ ಗದರಿದರು: "ಇಲ್ಲೂ ಎಂಜಿನ್ನಾ? ನನ್ನ ವಿಷ್ಯ ಏನಾದ್ರೂ ಹೇಳಿ!"

"ನೀನು ಕಾದ್ರೆ ತಣಿಸೋಕೆ ನೀರೂ ಸಾಲ್ದು, ಗಾಳಿನೂ ಸಾಲ್ದು ಕಣೇ."

ಅಮ್ಮ ನಕ್ಕರು. ಅತ್ತರು. ಅವರ ಕೈ ಬಿಡಲಿಲ್ಲ.

ಅವರ ಎಂಜಿನ್ ಈಗ ನನ್ನ ಜವಾಬ್ದಾರಿ. ಉಳಿಸುತ್ತೇನೋ, ನಿಲ್ಲಿಸುತ್ತೇನೋ — ತಿಳಿಯದು. ಸರಿಯಾಗಿ ಅಳೆಯುತ್ತೇನೆ, ಅಷ್ಟು ಮಾತು ಕೊಡಬಲ್ಲೆ.

ಅವರ ಗೌರವಕ್ಕೆ ಹೊರಗೆ ಎಲ್ಲ ಎಂಜಿನ್ನುಗಳನ್ನೂ ಒಟ್ಟಿಗೆ ಮೊರೆಸೋಣವೇ ಎಂದು ಕೆಲವರು ಕೇಳಿದಿರಿ. ಬೇಡ. ನಿಂತಲ್ಲೇ ಮೊರೆಸಿದರೆ ಅವಕ್ಕೆ ಗಾಳಿ ಸಿಗುವುದಿಲ್ಲ. ಅವರಿದ್ದಿದ್ದರೆ ಓಡಿಬಂದು ಕೀಲಿ ಕಿತ್ತುಕೊಳ್ಳುತ್ತಿದ್ದರು.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ — ಸದ್ದಿಲ್ಲದೆ.