ಕೈ? ಆಚೆ!

ಇದು ನನ್ನ ಷಡ್ಡಕನಿಗೆ ಆದದ್ದು. ನನ್ನವಳ ತಂಗಿಯ ಗಂಡ. ಇದ್ದದ್ದು ಇದ್ದ ಹಾಗೆ ಹೇಳುವವನು.

ಹೊತ್ತಾಗಿತ್ತು. ಅವನೂ ಮಗಳೂ ಡಬ್ಬಿ ಕಾರ್ಖಾನೆಯಿಂದ ಮನೆಗೆ ನಡೆದು ಬರುತ್ತಿದ್ದರು. ಹಿಂದಿನ ಗೇಟು ದಾಟಿದರೆ ಹಾಳುಬಾವಿ. ಮೇಲೆ ಕಬ್ಬಿಣದ ಜಾಲರಿ. ಪಕ್ಕದಲ್ಲಿ ಯಾರು ನಡೆದರೂ ಹೆಜ್ಜೆಯ ಸದ್ದು ಒಳಗಿನಿಂದ ವಾಪಸ್ ಬರುತ್ತದೆ... ಟಪ್. ಟಪ್.

ಮಗಳು ಡ್ರಮ್ಸ್ ಬಾರಿಸುವವಳು. ಗೆಳತಿಯರ ಜೊತೆ ಸೇರಿ ಒಂದು ಆಲ್ಬಂ ಮಾಡುತ್ತಿದ್ದಳು. ಅದರಲ್ಲಿ ಗಿಟಾರು ಗರಗಸದ ಹಾಗೆ ಕೊಯ್ಯುತ್ತದೆ. ಹಾಡುವವಳು ಹಾಡುವುದಿಲ್ಲ, ಬೈಯುತ್ತಾಳೆ.

"ಇದು ಹಾಡೋ, ಜಗಳಾನೋ?" ಅಂತ ಷಡ್ಡಕ ಕೇಳಿದ್ದ.

"ಪಂಕ್ ರಾಕ್ ಅಪ್ಪಾ. ಹಿಂಗೇ ಇರ್ತದೆ."

"ನಿಮ್ಮಮ್ಮನ್ನ ಕರ್ಕೊಂಡು ಹೋಗಿದ್ರೆ ಪುಕ್ಕಟೆ ಹಾಡ್ತಿದ್ದಳು."

ಒಂದು ಹಾಡು ಬಾಕಿ ಇತ್ತು. ಅದಕ್ಕೆ ಡ್ರಮ್ಸ್ ಬೇಡ, ಅಪ್ಪನ ಪ್ರೆಸ್ಸೇ ತಾಳ ಹಾಕಬೇಕು ಅಂದಳು. ಹಗಲಲ್ಲಿ ಬೇರೆ ಮಿಷನ್ನುಗಳ ಗದ್ದಲ. ಅವತ್ತು ಎಲ್ಲರೂ ಹೋದ ಮೇಲೆ ಇಬ್ಬರೇ ಕೂತು ರೆಕಾರ್ಡ್ ಮಾಡಿದ್ದರು.

ಪ್ರೆಸ್ಸು ಅಂದರೆ ಡಬ್ಬಿಯ ಮುಚ್ಚಳ ಒತ್ತುವ ಮಿಷನ್ನು. ಬೆಲ್ಟಿನ ಚಕ್ರ ಸುತ್ತುತ್ತಲೇ ಇರುತ್ತದೆ. ಪೆಡಲ್ ತುಳಿದರೆ ಮೇಲಿನ ಅಚ್ಚು ಬೀಳುತ್ತದೆ. ಘಣ್... ಛಕ್. ತಗಡು ಇಡುವವರು ಒಬ್ಬರು, ತುಳಿಯುವವರು ಒಬ್ಬರು. ತುಳಿಯುವವನು "ಕೈ?" ಅನ್ನಬೇಕು. ಇಡುವವರು ಕೈ ತೆಗೆದು "ಆಚೆ" ಅನ್ನಬೇಕು. ಆಮೇಲೇ ಕಾಲು.

ಅವನಿಗೆ ತಗಡು ಇಡುತ್ತಿದ್ದವಳು ನನ್ನವಳು. ಹೋದ ವರ್ಷ ಕಾಮಾಲೆಯಲ್ಲಿ ತೀರಿಕೊಂಡಳು. ಮಿಷನ್ನು ಅವಳನ್ನು ಒಂದು ದಿನವೂ ಮುಟ್ಟಿರಲಿಲ್ಲ. ಈಗ ಇಡುವುದೂ ಅವನೇ, ತುಳಿಯುವುದೂ ಅವನೇ. ಆದರೂ "ಕೈ?" ಅನ್ನುವುದು ಬಿಟ್ಟಿರಲಿಲ್ಲ.

ಬಾವಿಯ ಹತ್ತಿರ ಮಗಳು ನಿಂತಳು. ಕಿವಿಗೆ ಹೆಡ್‌ಫೋನು.

"ಅಪ್ಪಾ... ಇದ್ಯಾರು?"

ಅವನ ಕಿವಿಗೆ ಇಟ್ಟಳು. ಬೆಲ್ಟು ಸರ್‍ರ್ ಅನ್ನುತ್ತಿತ್ತು. ಅವನದೇ ದನಿ, "ಕೈ?" ಆಮೇಲೆ ಮೆಲ್ಲಗೆ, ಮೂಗಿನಲ್ಲಿ ಸ್ವಲ್ಪ ಎಳೆದು... "ಆಚೆ." ಘಣ್... ಛಕ್. ಮತ್ತೆ "ಕೈ?" ಮತ್ತೆ "ಆಚೆ."

ಅವನು ಹೆಡ್‌ಫೋನು ತೆಗೆದು ಅವಳ ಕೈಗಿಟ್ಟ. "ಅತ್ತಿಗೆ ದನಿ ಕಣೆ."

"ದೊಡ್ಡಮ್ಮಂದಾ?" ಮಗಳು ಪಿಸುಗುಟ್ಟಿದಳು. "ದೂರದಿಂದ ಕೇಳ್ತಿದೆ. ಮೈಕು ಅಚ್ಚಿನ ಹತ್ರ ಇಡ್ಬೇಕಿತ್ತು."

ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಇನ್ನೊಂದು ಸಲ ಕೇಳುವ ಆಸೆ. ಆಸೆಗೆ ಬುದ್ಧಿ ಎಲ್ಲಿ?

ವಾಪಸ್ ಬಂದರು. ಮೇನ್ ಸ್ವಿಚ್ಚು ಹಾಕಿದ. ಹೂಂ... ಅಂತ ಚಕ್ರ ಎದ್ದಿತು. ಮಗಳು ಮೈಕು ಹಿಡಿದು ಮಿಷನ್ನಿನ ಆ ಕಡೆ ಹೋದಳು. ಈ ಕಡೆಗೆ ಅವಳ ತಲೆ ಮಾತ್ರ ಕಾಣುತ್ತಿತ್ತು. ಹೆಡ್‌ಫೋನು ಹಾಕಿದ ತಲೆ. ಮೈಕು ಇಟ್ಟಾಯಿತು ಅಂದುಕೊಂಡ. ಮಗಳ ಉತ್ತರಕ್ಕೆ ಕಾಯಬೇಕು ಅನ್ನುವುದೇ ಮರೆತುಹೋಗಿತ್ತು. ಅವನು ಕಾಯುತ್ತಿದ್ದದ್ದು ಬೇರೆ ಉತ್ತರಕ್ಕೆ.

"ಕೈ?"

ಕಾಲು ಪೆಡಲ್ ಮೇಲೆ ಬಂತು. ವರ್ಷಗಟ್ಟಲೆ ಅದೇ ಅಭ್ಯಾಸ. ಉತ್ತರ ಬಂದರೆ ಸಾಕು, ಕಾಲು ತಾನೇ ಇಳಿಯುತ್ತದೆ.

ಉತ್ತರ ಬಂತು. ಮಗಳ ಕಡೆಯಿಂದ ಅಲ್ಲ. ಅಚ್ಚಿನ ಬಾಯಿಂದ.

"ಒಳಗೆ."

ಕಾಲು ಅಲ್ಲೇ ನಿಂತಿತು. ಆ ಕಡೆ ಓಡಿ ನೋಡಿದ. ಮಗಳ ಬಲಗೈ ಮೊಣಕೈವರೆಗೂ ಅಚ್ಚಿನ ಕೆಳಗಿತ್ತು. ಮೈಕು ಸರಿ ಮಾಡುತ್ತಿದ್ದಳು.

ರಟ್ಟೆ ಹಿಡಿದು ಎಳೆದ. ಮೈಕೂ ಜೊತೆಗೇ ಬಂತು.

ಅವಳು ಹೆಡ್‌ಫೋನು ಕಳಚಿದಳು. "ಏನಪ್ಪಾ? ಕರೆದ್ಯಾ?"

"ಕೈ ತೋರ್ಸು. ಎರಡೂ."

ತೋರಿಸಿದಳು. ಎರಡೂ ಇದ್ದವು. ಬೆರಳು ಎಲ್ಲ ಇದ್ದವು. ಷಡ್ಡಕ ಅಚ್ಚಿನ ಕಡೆ ತಿರುಗಿದ. ಯಾಕೋ ಗೊತ್ತಿಲ್ಲ, ತೀರಾ ಮೆಲ್ಲಗೆ ಕೇಳಿದ.

"ಕೈ?"

ಬೆಲ್ಟು ಸರ್‍ರ್... ಸರ್‍ರ್...

"ಒಳಗೆ."

ಈ ಸಲ ಮಗಳಿಗೂ ಕೇಳಿತು. ತನ್ನ ಕೈಗಳನ್ನು ನೋಡಿಕೊಂಡಳು. "ಅಪ್ಪಾ... ನಂದು ಇಲ್ಲೇ ಇದೆಯಲ್ಲ. ಮತ್ತೆ... ಯಾರದು?"

ಮೇನ್ ಆರಿಸಿ ಓಡಿ ಬಂದರು. ಬಾವಿ ದಾಟುವಾಗ ಹಿಂದೆ ತಿರುಗಲಿಲ್ಲ.

ಆಲ್ಬಂ ಹೊರಬಂದಿದೆ. ಆ ಹಾಡೂ ಇದೆ. ಅದರಲ್ಲಿ ಪ್ರೆಸ್ಸು ಬೀಳಬೇಕಾದ ಕಡೆಯೆಲ್ಲ ಮಗಳು ಖಾಲಿ ಬಿಟ್ಟಿದ್ದಾಳೆ. ಹುಡುಗರು ಅದನ್ನೇ ಮೆಚ್ಚಿಕೊಳ್ಳುತ್ತಾರಂತೆ. ಈ ಕತೆ ಹೇಳಿದರೆ ನಗುತ್ತಾರೆ. ನಗಲಿ.

ಆ ರಾತ್ರಿ ಕಳೆದು ಮಾರನೇ ದಿನ ಬೆಳಕು ಹರಿಯುವ ಮೊದಲು ಷಡ್ಡಕ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ. ಇನ್ನೂ ಯಾರೂ ಬಂದಿರಲಿಲ್ಲ. ಕರೆಂಟು ಇರಲಿಲ್ಲ. ಅಚ್ಚಿನಲ್ಲಿ ತಗಡು ಇಟ್ಟ ಹಾಗೇ ಇತ್ತು. ಕೈ ಹಾಕಿ ಮುಟ್ಟಿದೆ. ಅಂಚೆಲ್ಲ ತಣ್ಣಗೆ. ನಡುವೆ ಅಂಗೈಯಷ್ಟು ಜಾಗ ಮಾತ್ರ... ಬೆಚ್ಚಗೆ.

"ಅಣ್ಣಾ, ಕೈ ತೆಗೀರಿ" ಅಂದ ಷಡ್ಡಕ. ಮತ್ತೆ ಮತ್ತೆ ಅಂದನಂತೆ. ನನಗೆ ಕೇಳಲಿಲ್ಲ.

ಬೆಚ್ಚಗಿತ್ತು. ಸುಳ್ಳಲ್ಲ.