ಅಪ್ಪನ ಸಹಿ

೧೯೬೧ರ ಜೂನ್. ಹುಬ್ಬಳ್ಳಿಯ ಅಂಚೆ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ರೈಲ್ವೆ ಕಾರ್ಖಾನೆಯ ಖಾಕಿ ತೊಟ್ಟ ತಂದೆ, ಕೈಯಲ್ಲಿ ಅರ್ಜಿ ಹಿಡಿದ ಮಗ.

"ಪುಣೇದ ಲಾ ಕಾಲೇಜು ಛಲೋ, ಖರ್ಚು ಬಾಳ. ಬೆಳಗಾವಿ ಆದ್ರೂ ಸ್ಕಾಲರ್‌ಶಿಪ್ ಇಲ್ದ ಆಗೂದಿಲ್ಲ, ಅಪ್ಪಾ."

"ಸೊಸೈಟ್ಯಾಗ ಸಾಲ ತಗೀತೇನಿ."

"ಅಕ್ಕನ ಲಗ್ನದ ಸಾಲನ ಇನ್ನೂ ತೀರಿಲ್ಲ."

"ಸ್ಕಾಲರ್‌ಶಿಪ್ಪಿಗೆ ಏನ್ ಅಡ್ಡಿ?"

"ಧರ್ಮ ಬೌದ್ಧ ಅಂತ ಬರದಿದ್ದೆ, ಕಾರಕೂನ ತಿರುಗಿ ಕೊಟ್ಟ. ಹಿಂದೂ ಅಂತ ಬರದು, ಹಳೇ ಜಾತಿ ಹಾಕಿದ್ರ ಅಷ್ಟ ಸಿಗತೈತಂತ."

ಸಾಲು ಒಂದು ಹೆಜ್ಜೆ ಸರಿದು, ಅವರಿಬ್ಬರೂ ಕಿಟಕಿಯ ಎದುರಿಗೆ ಬಂದರು.

"ನಾಗಪುರದಾಗ ದೀಕ್ಷಾ ತಗೊಂಡು ಬಂದು, ಮನಿ ದೇವರನ್ನ ಬಾವ್ಯಾಗ ಒಗದಾಂವ ನಾನು."

"ಅದಕ್ಕ ಕೇಳಾಕತ್ತೇನಿ. ಏನ್ ಬರೀಲಿ?"

"ಹಳೇದ ಬರಿ. ವಕೀಲ ಆಗು."

ಮಗ ಬರೆದ. "ಇಲ್ಲಿ ನಿನ್ನ ಸಹಿ ಬೇಕು. ಮ್ಯಾಲಿಂದೆಲ್ಲಾ ಖರೇ ಅಂತ."

ತಂದೆ ಕಿಟಕಿಯ ಹಲಗೆಯ ಮೇಲಿದ್ದ ಮಸಿಯ ಪ್ಯಾಡನ್ನು ಎಳೆದುಕೊಂಡು ಹೆಬ್ಬೆಟ್ಟು ಒತ್ತಿದರು.

"ಅಪ್ಪಾ, ನಿನಗ ಸಹಿ ಬರ್ತೈತಲ್ಲಾ! ರಾತ್ರಿ ಸಾಲ್ಯಾಗ ಕಲ್ತೀಯಲ್ಲಾ!"

"ಬರ್ತೈತಿ. ಇದರ ಕೆಳಗ ಹಾಕೂದಿಲ್ಲ."

ಮಸಿಯ ಬೆರಳನ್ನು ಒರೆಸದೆ ಅವರು ಹೊರಗೆ ನಡೆದರು. ಮಗ ಲಕೋಟೆಯನ್ನು ಕಿಟಕಿಯೊಳಗೆ ಕೊಟ್ಟು ಹಿಂದೆಯೇ ಹೋದ.